ನಾಲ್ಕು ಸೀಟು ಇದ್ದ ಮಾತ್ರಕ್ಕೆ ನಾಲ್ಕು ಜನ ಹೋಗಕ್ಕಾಗಲ್ಲ

ಸಂಪಾದಕರಿಗೆ ನಮಸ್ಕಾರ,

ಅಮೆರಿಕಾದಲ್ಲಿರೋ ನಮ್ಮೋರು ಸೆಕೆಂಡ್ ಹ್ಯಾಂಡ್ ಪುಟ್ಟ ವಿಮಾನ ತಗೊಂಡು ಫ್ಯಾಮಿಲಿ ಕೂರಿಸ್ಕೊಂಡು ಟ್ರಿಪ್ ಹೋಗ್ತಾರೆ ಅಂತ ನಿಮ್ಮ ಭಾನುವಾರದ ಪುರವಣಿಲಿ ಬಂದಿತ್ತಲ್ಲ, ಓದಿ ಖುಷಿ ಆಯ್ತು. ಆದ್ರೆ ದೊಡ್ಡ ಕಾರಿನ ದುಡ್ಡಿಗೆ ನಾಲ್ಕು ಸೀಟಿನ ವಿಮಾನ ಸಿಗುತ್ತೆ ಅಂತ ಅಷ್ಟಕ್ಕೇ ನಿಲ್ಲಿಸಿಬಿಟ್ಟಿದ್ದೀರಿ, ಅದನ್ನ ನೋಡಿ ಇಲ್ಲಿ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಕೆಲವರು ಆಗ್ಲೇ ಸೇಲ್ ಆಡ್ ಹುಡುಕಕ್ಕೆ ಶುರು ಮಾಡಿದ್ದಾರೆ. ನಾನು ಟೆಕ್ಸಾಸ್‌ನಲ್ಲಿ ಹಾರಿಸೋನು, ಹಾಗಾಗಿ ಸುಮ್ನಿರಕ್ಕಾಗ್ಲಿಲ್ಲ.

ಮೊದಲು ತೂಕದ ವಿಷಯ. ಮಾರಾಟಕ್ಕೆ ಜಾಸ್ತಿ ಸಿಗೋದು ಸೆಸ್ನಾ 172 ಅನ್ನೋ ನಾಲ್ಕು ಸೀಟಿನ ವಿಮಾನ, ಈ ಲೋಕದ ಅಂಬಾಸಿಡರ್ ಕಾರು ಅನ್ನಬಹುದು, 44,000ಕ್ಕಿಂತ ಜಾಸ್ತಿ ತಯಾರಾಗಿವೆ. ನಮ್ಮ ಬಜೆಟ್ಟಿಗೆ ಬರೋವೆಲ್ಲ 70ರ ದಶಕದ ಮಾಡೆಲ್‌ಗಳೇ. ಅದು ಹೆಚ್ಚಂದ್ರೆ 2,300 ಪೌಂಡ್ ಹೊತ್ಕೊಂಡು ಏಳುತ್ತೆ, ಅಂದ್ರೆ ಸುಮಾರು 1,040 ಕೆಜಿ. ಖಾಲಿ ವಿಮಾನಾನೇ 650 ಕೆಜಿ ಹತ್ತಿರ ಇರುತ್ತೆ. ಟ್ಯಾಂಕ್ ತುಂಬಿಸಿದ್ರೆ 40 ಗ್ಯಾಲನ್ ಪೆಟ್ರೋಲು, ಅದೇ ಸುಮಾರು 109 ಕೆಜಿ. ಇನ್ನುಳಿದಿದ್ದು 280 ಕೆಜಿ, ಅದರಲ್ಲಿ ಗಂಡ, ಹೆಂಡ್ತಿ, ಊರಿಂದ ಬಂದಿರೋ ಅಪ್ಪ ಅಮ್ಮ, ಅವರ ಬ್ಯಾಗು, ಅಮ್ಮ ಕಟ್ಕೊಂಡಿರೋ ಚಪಾತಿ ಪಲ್ಯದ ಡಬ್ಬಿ ಎಲ್ಲಾ ಸೇರ್ಬೇಕು. ಸೇರಲ್ಲ ರೀ! ಪೆಟ್ರೋಲ್ ಕಮ್ಮಿ ಹಾಕಿದ್ರೆ ಜನ ಹಿಡಿಸ್ತಾರೆ ನಿಜ, ಆದ್ರೆ ಗಂಟೆಗೆ ಎಂಟೊಂಬತ್ತು ಗ್ಯಾಲನ್ ಕುಡಿಯೋ ಎಂಜಿನ್ನು, ದಾರೀಲಿ ಇಳಿದು ಇಳಿದು ತುಂಬಿಸ್ಕೊಂಡು ಹೋಗ್ಬೇಕು. ಎಲ್ಲರ ತೂಕ ಕೇಳಿ ಬರ್ಕೋಬೇಕು ಬೇರೆ, ಅತ್ತೆ ತೂಕ ಕೇಳೋ ಧೈರ್ಯ ಯಾರಿಗಿದೆಯೋ ಗೊತ್ತಿಲ್ಲ.

ಇದೂ ತಂಪು ಹೊತ್ತಿನ ಲೆಕ್ಕ. ನಮ್ಮೋರಿಗೆ ನ್ಯೂ ಮೆಕ್ಸಿಕೋದ ಸಾಂಟಾ ಫೆ ಊರು ನೋಡೋ ಆಸೆ, ಅಲ್ಲಿ ರನ್‌ವೇನೇ ಸಮುದ್ರ ಮಟ್ಟದಿಂದ 6,300 ಅಡಿಗಿಂತ ಮೇಲಿದೆ. ಜೂನ್ ಮಧ್ಯಾಹ್ನ ಅಲ್ಲಿ ಗಾಳಿ ತೆಳ್ಳಗಿರುತ್ತೆ, ಎಂಜಿನ್ ಪವರ್ ಕೊಡಲ್ಲ, ರೆಕ್ಕೆಗೂ ಹಿಡಿತ ಸಿಗಲ್ಲ, ಪೂರ್ತಿ ಲೋಡ್ ಹಾಕ್ಕೊಂಡ್ರೆ ಏಳಕ್ಕೆ ರನ್‌ವೇ ಮೇಲೆ ತುಂಬಾ ದೂರ ಓಡ್ಬೇಕು, ಎದ್ಮೇಲೂ ಮೆಲ್ಲಗೇ ಮೇಲೇರುತ್ತೆ.

ಇನ್ನು ಆಡ್‌ಗಳಲ್ಲಿ "ಬಹಳ ಕಮ್ಮಿ ಗಂಟೆ ಹಾರಿದೆ" ಅಂತ ಹಾಕಿರ್ತಾರಲ್ಲ, ಕಾರಿಗಾದ್ರೆ ಒಳ್ಳೇದು, ಇಲ್ಲಿ ಅದನ್ನ ನೋಡಿದ್ರೇನೇ ನಂಗೆ ಭಯ. 172ರಲ್ಲಿರೋ ಲೈಕಾಮಿಂಗ್ ಎಂಜಿನ್‌ನಲ್ಲಿ ವಾಲ್ವ್‌ಗಳನ್ನ ತೆರೆದು ಮುಚ್ಚಿಸೋ ದಂಡ, ಅಂದ್ರೆ ಕ್ಯಾಮ್‌ಶಾಫ್ಟ್, ಮೇಲ್ಗಡೆ ಕೂತಿರುತ್ತೆ, ವಿಮಾನ ತಿಂಗಳುಗಟ್ಲೆ ನಿಂತ್ರೆ ಆಯಿಲೆಲ್ಲ ಕೆಳಗಿಳಿದು ಅದು ಒಣಗಿ ತುಕ್ಕು ಹಿಡಿಯುತ್ತೆ. ಹೊರಗಡೆ ಪೇಂಟ್ ಮಿರಮಿರ ಅಂತಿರುತ್ತೆ! ರೆಕ್ಕೆ ಒಳಗೆ ಇಲಿ ಗೂಡು ಕಟ್ಟಿದ್ರಂತೂ ಅದರ ಉಚ್ಚೆ ಅಲ್ಯೂಮಿನಿಯಂನ ತಿಂದಾಕುತ್ತೆ. ಅದಕ್ಕೇ ಮಾರೋರಿಗೆ ಸಂಬಂಧ ಇಲ್ಲದ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ ಆಯಿಲ್ ಫಿಲ್ಟರ್ ಕುಯ್ದು ಲೋಹದ ಚೂರಿದೆಯಾ ನೋಡ್ಸಿ, ಸಿಲಿಂಡರ್ ಒಳಗೆ ಕ್ಯಾಮೆರಾ ಬಿಡ್ಸಿ, ಹಾರಾಟ ರಿಪೇರಿ ಎಲ್ಲಾ ಬರೆದಿಡೋ ಲಾಗ್‌ಬುಕ್ ಮೊದಲ ಪುಟದಿಂದ ಓದ್ಸಿ. ಲಾಗ್‌ಬುಕ್ ಕಳೆದುಹೋಗಿದೆ ಅಂದ್ರೆ ಎದ್ದು ಬಂದುಬಿಡಿ. ಈ ಎಂಜಿನ್‌ನ 2,000 ಗಂಟೆಗೆ ಓವರ್‌ಹಾಲ್, ಅಂದ್ರೆ ಪೂರ್ತಿ ಬಿಚ್ಚಿ ರಿಪೇರಿ, ಮಾಡ್ಸಿ ಅಂತ ಕಂಪನಿನೇ ಹೇಳುತ್ತೆ, ಆ ಖರ್ಚು ಬಂದಾಗ "ಕಾರಿನ ರೇಟು" ಅಂದೋರು ಯಾರೂ ಜೊತೆಗಿರಲ್ಲ. ವರ್ಷಕ್ಕೊಂದು ಇನ್ಸ್‌ಪೆಕ್ಷನ್ ಅಂತೂ ಹಾರಿಸ್ಬೇಕು ಅಂದ್ರೆ ಕಡ್ಡಾಯ, ಇನ್ಶೂರೆನ್ಸು, ವಿಮಾನ ನಿಲ್ಸೋ ಹ್ಯಾಂಗರ್ ಬಾಡಿಗೆ ಬೇರೆ.

ನಿಮ್ಮ ಬರಹದಲ್ಲಿ ಇಲ್ದೇ ಇರೋದು ಇನ್ನೊಂದಿದೆ, ನಮ್ಮ ಹುಡುಗರಿಗೆ ಇದೇ ಮುಖ್ಯ. ಎಚ್‌-1ಬಿ ವೀಸಾದಲ್ಲಿರೋರು ಇಲ್ಲಿ ವಿಮಾನನ ಸ್ವಂತ ಹೆಸರಲ್ಲಿ ರಿಜಿಸ್ಟರ್ ಮಾಡ್ಸಕ್ಕಾಗಲ್ಲ, ಸಿಟಿಜನ್ ಆಗಿರ್ಬೇಕು ಇಲ್ಲಾ ಗ್ರೀನ್ ಕಾರ್ಡ್ ಇರ್ಬೇಕು. ಟ್ರಸ್ಟ್ ಮೂಲಕ ಮಾಡ್ಸೋ ದಾರಿ ಇದೆ, ಆದ್ರೆ ಅದಕ್ಕೆ ಫೀಸು, ಲಾಯರ್ರು ಎಲ್ಲಾ ಇದ್ದೇ ಇದೆ. ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತಿರೋರು ಅಲ್ಲಿವರೆಗೂ ಫ್ಲೈಯಿಂಗ್ ಕ್ಲಬ್ಬಲ್ಲಿ ಬಾಡಿಗೆಗೆ ತಗೊಂಡು ಹಾರಿಸ್ಲಿ, ತೂಕದ ಲೆಕ್ಕ ಅಲ್ಲೇ ಚೆನ್ನಾಗಿ ಅಭ್ಯಾಸ ಆಗುತ್ತೆ.

ಇಂತಿ,
ನಿಮ್ಮ ಓದುಗ, ಡಲ್ಲಾಸ್