ಸಾಲದ ಹಣ ಮತ್ತು ಮನೆಯ ಡಬ್ಬಿ

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹೊಲಿಗೆಯ ಉದ್ದಿಮೆಗೆ ಸಾಲ ತೆಗೆಯುವುದೋ, ಮೊದಲು ತರಬೇತಿಗೆ ಸೇರುವುದೋ ಎಂದು ಕೇಳಿದ್ದೀಯೆ. ಬಂಡವಾಳ ಕೈಗೆ ಬಂದೊಡನೆ ಆದಾಯ ತಾನಾಗಿ ಏರುತ್ತದೆಂದು ನಂಬಿ ನಾನು ಒಮ್ಮೆ ಕೈಸುಟ್ಟುಕೊಂಡವಳು. ಮೊದಲ ಸಾಲದ ಹಣವನ್ನು ಮನೆಖರ್ಚಿನ ಡಬ್ಬಿಯಲ್ಲೇ ಇಟ್ಟಿದ್ದೆ. ಒಂದು ದಿನ ಶಾಲೆಯ ಶುಲ್ಕಕ್ಕೆ, ಇನ್ನೊಂದು ದಿನ ಔಷಧಿಗೆ ಎಂದು ತೆಗೆಯುತ್ತ ಹೋಗಿ, ಬಟ್ಟೆಯ ಥಾನು ಕೊಳ್ಳುವ ಹೊತ್ತಿಗೆ ಡಬ್ಬಿಯ ತಳ ಕಾಣುತ್ತಿತ್ತು. ಕಂತು ಮಾತ್ರ ಹೇಳಿದ ದಿನಕ್ಕೇ ಬಂದು ನಿಂತಿತು.

ಇದು ನನ್ನೊಬ್ಬಳ ಪಾಡಲ್ಲವೆಂದು ಆಮೇಲೆ ತಿಳಿಯಿತು. ಶ್ರೀಲಂಕಾದಲ್ಲಿ ಅರ್ಥಶಾಸ್ತ್ರಜ್ಞರು ಸಣ್ಣ ಉದ್ದಿಮೆದಾರರಿಗೆ ಹಿಂದಿರುಗಿಸಬೇಕಿಲ್ಲದ ಸಹಾಯಧನ ಕೊಟ್ಟು ನೋಡಿದಾಗ, ಗಂಡಸರ ಲಾಭ ಏರಿತು, ಹೆಂಗಸರದು ಸರಾಸರಿಯಲ್ಲಿ ಏರಲಿಲ್ಲ. ಹೆಂಗಸರಿಗೆ ವ್ಯಾಪಾರ ಒಗ್ಗದು ಎನ್ನುವವರಿಗೆ ಇಷ್ಟು ಸಾಕು, ಅವರ ಜಾಣತನ ಅವರಿಗಿರಲಿ. ಆದರೆ ಅದೇ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿದವರಿಗೆ ಕಂಡದ್ದೇ ಬೇರೆ: ಹೆಂಡತಿಗೆ ಬಂದ ಹಣ ಗಂಡನ ವ್ಯಾಪಾರಕ್ಕೆ ಹರಿದುಹೋಗುತ್ತಿತ್ತು, ಮನೆಯಲ್ಲಿ ಅವಳದೊಂದೇ ಉದ್ದಿಮೆಯಿದ್ದ ಕಡೆ ಆ ಅಂತರ ಉಳಿಯುತ್ತಿರಲಿಲ್ಲ. ಆದ್ದರಿಂದ ಸಾಲಕ್ಕೆ ಅರ್ಜಿ ಹಾಕುವ ಮೊದಲೇ ಉದ್ದಿಮೆಯ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆ. ನಿನ್ನ ದುಡಿಮೆಗೆ ಒಂದು ಸಂಬಳವನ್ನು ಗೊತ್ತುಮಾಡಿಕೊಂಡು, ಮನೆಗೆ ಅದನ್ನಷ್ಟೇ ಕೊಡು.

ಕೋಲ್ಕತ್ತಾದ ಒಂದು ಪ್ರಯೋಗದಲ್ಲಿ ಸಾಲದ ಮೊದಲ ಕಂತಿಗೆ 2 ವಾರಗಳ ಬದಲು 2 ತಿಂಗಳ ಬಿಡುವು ಕೊಟ್ಟಾಗ, ಸುಮಾರು 3 ವರ್ಷಗಳ ನಂತರ ಅಂಥವರ ಲಾಭ ಉಳಿದವರಿಗಿಂತ ಸಾಕಷ್ಟು ಹೆಚ್ಚಿತ್ತು. ಸಾಲ ತೀರಿಸಲಾಗದವರೂ ಅವರಲ್ಲೇ ಹೆಚ್ಚಿದ್ದರೆಂಬುದನ್ನು ಮುಚ್ಚಿಡಲಾರೆ. ಆದರೂ ಬಿಡುವನ್ನು ಕೇಳಿ ನೋಡು. ಮರುವಾರವೇ ಕಂತು ಕಟ್ಟಬೇಕಾದವಳು ಕೂಡಲೇ ಮಾರಿಹೋಗುವ ಸರಕನ್ನಲ್ಲದೆ ಬೇರೇನನ್ನು ಕೊಂಡಾಳು?

ತರಬೇತಿಯೆಂದರೆ ಪ್ರಮಾಣಪತ್ರವಲ್ಲ. ಟೋಗೋ ದೇಶದಲ್ಲಿ 1,500 ಸಣ್ಣ ಉದ್ದಿಮೆದಾರರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೆಕ್ಕಪತ್ರ ಮತ್ತು ಮಾರಾಟದ ಮಾಮೂಲು ಪಾಠ ಕಲಿತವರ ಲಾಭ ಗಣನೀಯವಾಗಿ ಹೆಚ್ಚಲಿಲ್ಲ. ಅವಕಾಶವನ್ನು ತಾವೇ ಹುಡುಕುವುದು, ಅಡ್ಡಿ ಬಂದಾಗ ಬೇರೆ ದಾರಿ ಹಿಡಿಯುವುದು, ಇತರರಿಗಿಂತ ಭಿನ್ನವಾದುದನ್ನು ಕೊಡುವುದು ಇವನ್ನು ಅಭ್ಯಾಸ ಮಾಡಿದವರ ಲಾಭ ಶೇಕಡ 30ರಷ್ಟು ಏರಿತು. ಹಾಗೆಂದು ಲೆಕ್ಕ ಬರೆಯುವುದನ್ನು ಬಿಡಬೇಡ. ತರಬೇತಿಗೆ ಸೇರುವ ಮುನ್ನ, ಅಲ್ಲಿ ನಿನ್ನದೇ ಉದ್ದಿಮೆಯನ್ನು ಮುಂದಿಟ್ಟುಕೊಂಡು ಕೆಲಸ ಮಾಡಿಸುತ್ತಾರೆಯೇ, ಮುಗಿದ ಮೇಲೂ ಯಾರಾದರೂ ಬಂದು ನೋಡುತ್ತಾರೆಯೇ ಎಂದು ವಿಚಾರಿಸು.

ನನ್ನನ್ನು ಕೇಳಿದರೆ ತರಬೇತಿ ಮೊದಲು, ಸಾಲ ಆಮೇಲೆ. ಅಷ್ಟರೊಳಗೆ ಎರಡು ತಿಂಗಳ ಜಮಾಖರ್ಚಿನ ಪುಟಗಳನ್ನು ನನಗೆ ಕಳುಹಿಸು. ಎಷ್ಟು ಸಾಲ ಕೇಳಬಹುದೆಂದು ಅವುಗಳನ್ನು ನೋಡಿ ಬರೆಯುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ