ಮೆಡಿಕಲ್ ಶಾಪಿಗೆ ಸಂಜೆ ಏಳಕ್ಕೆ ಬಂದು ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಉತ್ತರ ಕನ್ನಡದವರಿಗೆ ದೊಡ್ಡ ಆಸ್ಪತ್ರೆ ಅಂದರೆ ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾ. ಜ್ವರವೋ ಕೆಮ್ಮೋ ಬಂದರೆ ಜನ ಮೊದಲು ಹೋಗುವುದು ಪೇಟೆಯ ಮೆಡಿಕಲ್ ಶಾಪಿಗೇ. ಹಾಗಿರುವಾಗ ಅಲ್ಲಿನ ತಪಾಸಣೆ ಗೋಡೆಯ ಮೇಲಿನ ಲೈಸೆನ್ಸ್ ನೋಡುವಷ್ಟಕ್ಕೆ ಮುಗಿಯಬಾರದು.

ನಮ್ಮೂರಿನ ಒಂದು ಅಂಗಡಿಯಲ್ಲಿ ಮೊನ್ನೆ ಸಂಜೆ ಕೌಂಟರಿನ ಹುಡುಗ ಒಬ್ಬರಿಗೆ ಡಾಕ್ಟರ್ ಚೀಟಿ ಇಲ್ಲದೇ ಸೆಫಿಕ್ಸಿಮ್ ಅನ್ನುವ ಆ್ಯಂಟಿಬಯೋಟಿಕ್ ಗುಳಿಗೆಯ ಪಟ್ಟಿ ಕತ್ತರಿಸಿ ಕೊಟ್ಟ. ಬಿಲ್ಲು ಇಲ್ಲ. ಕತ್ತರಿಸಿದ ತುಂಡಿನಲ್ಲಿ ಎಕ್ಸ್‌ಪೈರಿ ತಾರೀಕೂ ಇಲ್ಲ. ಫಾರ್ಮಸಿಸ್ಟ್ ಎಲ್ಲಿ ಅಂತ ಕೇಳಿದರೆ ಹುಡುಗ ಉತ್ತರ ಕೊಡಲಿಲ್ಲ, ಅವರ ಸರ್ಟಿಫಿಕೇಟ್ ಮಾತ್ರ ಫ್ರೇಮಿನಲ್ಲಿ ನೇತಾಡುತ್ತಿತ್ತು. 1948ರ ಫಾರ್ಮಸಿ ಕಾಯ್ದೆ ಇರುವುದೇ ಔಷಧಿಯನ್ನು ತಿಳಿದವರ ಕೈಯಿಂದ ಕೊಡಿಸಲಿಕ್ಕೆ ಅಲ್ವಾ?

ಆದ್ದರಿಂದ ಡ್ರಗ್ ಇನ್‌ಸ್ಪೆಕ್ಟರ್ ಬೆಳಿಗ್ಗೆ ಹನ್ನೊಂದಕ್ಕೆ ಬರುವ ಬದಲು ಜನ ಜಾಸ್ತಿ ಇರುವ ಸಂಜೆ ಏಳಕ್ಕೆ ಬರಲಿ, ಯಾರು ಅಂತ ಹೇಳದೇ ಹತ್ತು ನಿಮಿಷ ಕೌಂಟರಿನ ಪಕ್ಕ ನಿಲ್ಲಲಿ. ಆಮೇಲೆ ಕೆಲವು ಔಷಧಿಗಳ ಮಾರಾಟ ಬರೆದಿಡುವ ಎಚ್-1 ರಿಜಿಸ್ಟರ್ ಕೇಳಲಿ. ಸೆಫಿಕ್ಸಿಮ್‌ನಂಥ ಔಷಧಿ ಕೊಟ್ಟಾಗ ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಅನ್ನುವುದನ್ನೆಲ್ಲ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು, 2014ರಿಂದ ಇದು ನಿಯಮ. ರಿಜಿಸ್ಟರನ್ನು ಸುಮ್ನೆ ತಿರುವಿದರೆ ಏನೂ ಗೊತ್ತಾಗುವುದಿಲ್ಲ. ಹೋಲ್‌ಸೇಲ್‌ನವರಿಂದ ತರಿಸಿದ ಬಿಲ್ಲು ಮತ್ತು ಕಪಾಟಿನಲ್ಲಿ ಉಳಿದಿರುವ ಸ್ಟಾಕು ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿದರೆ ಚೀಟಿ ಇಲ್ಲದೇ ಎಷ್ಟು ಹೋಗಿದೆ ಅಂತ ಅಲ್ಲೇ ಸಿಗುತ್ತದೆ.

ಫ್ರಿಜ್ಜಿನದೂ ಹಾಗೇ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮಳೆಗಾಲದಲ್ಲಿ ಶಿರಸಿ, ಯಲ್ಲಾಪುರದ ಕಡೆ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಆ ಹೊತ್ತಿನಲ್ಲಿ ಫ್ರಿಜ್ಜಿನ ಒಳಗೆ ಎಷ್ಟು ಡಿಗ್ರಿ ಇತ್ತು, ಬರೆದಿಟ್ಟಿದ್ದಾರಾ, ಇನ್ವರ್ಟರ್ ಇದೆಯಾ? ಇನ್‌ಸ್ಪೆಕ್ಟರ್ ಇದನ್ನು ಕೇಳಬೇಕು. ಕಾರವಾರ, ಅಂಕೋಲಾದ ಏಪ್ರಿಲ್ ಸೆಕೆಯಲ್ಲಿ ತಗಡಿನ ಮಾಡಿನ ಕೆಳಗೆ ಪೆಟ್ಟಿಗೆ ಪೇರಿಸಿಟ್ಟಿದ್ದರೆ ಅದನ್ನೂ ನೋಡಬೇಕು.

ಔಷಧಿ ಹೇಗೆ ತಗೊಳ್ಳಬೇಕು ಅಂತ ಹೇಳಿಕೊಡುವುದು ನನಗೆ ಎಲ್ಲಕ್ಕಿಂತ ಮುಖ್ಯ. ಮಕ್ಕಳ ಪುಡಿ ಸಿರಪ್ಪಿಗೆ ಕಾಯಿಸಿ ಆರಿಸಿದ ನೀರು ಗೆರೆಯವರೆಗೆ ಹಾಕಬೇಕು, ಇನ್‌ಹೇಲರ್ ಎಳೆದ ಮೇಲೆ ಸ್ವಲ್ಪ ಹೊತ್ತು ಉಸಿರು ಹಿಡಿಯಬೇಕು, ಇದನ್ನೆಲ್ಲ ಯಾರಾದರೂ ಹೇಳಬೇಕಲ್ಲ. ಲೇಬಲ್ ಓದಲು ಬಾರದ ಅಜ್ಜಿಗೆ ಕನ್ನಡದಲ್ಲೋ ಕೊಂಕಣಿಯಲ್ಲೋ ಬಿಡಿಸಿ ಹೇಳುವ ಫಾರ್ಮಸಿಸ್ಟರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ತಪಾಸಣೆಯಲ್ಲಿ ಅಂಥವರ ಕೆಲಸಕ್ಕೂ ಬೆಲೆ ಸಿಗಲಿ.

ಸಣ್ಣ ಊರಿನಲ್ಲಿ ಫಾರ್ಮಸಿಸ್ಟ್ ನಿಲ್ಲುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಕಷ್ಟ ನಿಜ. ಆದರೆ ಸಂಬಳ ಕೊಟ್ಟು ನಿಲ್ಲಿಸಿಕೊಳ್ಳದೇ ಬರೀ ಸರ್ಟಿಫಿಕೇಟ್ ಬಾಡಿಗೆಗೆ ತರುವುದನ್ನು ಒಪ್ಪಲು ಆಗುವುದಿಲ್ಲ.

ಬ್ರಿಟನ್ನಿನಲ್ಲಿ 2019ರಿಂದ ಔಷಧಿ ಅಂಗಡಿಗಳ ತಪಾಸಣಾ ವರದಿಯನ್ನು ಯಾರು ಬೇಕಾದರೂ ಓದುವ ಹಾಗೆ ಪ್ರಕಟಿಸುತ್ತಾರೆ. ನಮ್ಮಲ್ಲಿ ಅಷ್ಟು ಆಗುವವರೆಗೆ ಕಾಯುವುದು ಬೇಡ. ಕೊನೆಯ ತಪಾಸಣೆ ಯಾವಾಗ ಆಯಿತು, ಏನು ಕೊರತೆ ಸಿಕ್ಕಿತು, ಸರಿ ಮಾಡಿದರೇ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಲೈಸೆನ್ಸಿನ ಪಕ್ಕದಲ್ಲೇ ಅಂಟಿಸಲಿ, ಕೆಳಗೆ ದೂರು ಕೊಡುವ ನಂಬರ್ ಹಾಕಲಿ. ಜಿಲ್ಲೆಯ ಔಷಧ ಅಧಿಕಾರಿಗಳು ಈ ಮಳೆಗಾಲಕ್ಕೆ ಮುಂಚೆಯೇ ಇದನ್ನು ಶುರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಅಂಕೋಲಾ