ಇಂಜಿನ್ ಆಮೇಲೆ, ಮೊದಲು ಹಳಿ

ಮಾನ್ಯ ಸಂಪಾದಕರೇ,

ಮನೆಯೊಳಗಿನ ಹವ್ಯಾಸಗಳ ಕುರಿತ ನಿಮ್ಮ ಪುರವಣಿಯ ಲೇಖನದಲ್ಲಿ ಮಾದರಿ ರೈಲಿಗೂ ನಾಲ್ಕು ಸಾಲು ಸಿಕ್ಕಿದ್ದು ನೋಡಿ ಸಂತೋಷವಾಯಿತು. ಆದರೆ ಮನಸ್ಸಿಗೆ ಹಿಡಿಸಿದ ಇಂಜಿನ್ ಕೊಂಡುಬಿಡಿ, ಹಳಿಯನ್ನು ಜಾಗ ನೋಡಿಕೊಂಡು ಜೋಡಿಸಿದರಾಯಿತು ಎಂಬ ಸಲಹೆಯನ್ನು ಒಪ್ಪಲಾರೆ. ಹನ್ನೊಂದು ವರ್ಷಗಳ ಹಿಂದೆ ನಾನು ಹಾಗೆಯೇ ಶುರು ಮಾಡಿದ್ದೆ.

ಆಗ ಕೊಂಡದ್ದು ಓಓ ಎಂಬ ಮಾದರಿ ಅಳತೆಯ ಉದ್ದನೆಯ ಉಗಿ ಇಂಜಿನ್. ನನ್ನಲ್ಲಿದ್ದ ಹಳಿಯ ತಿರುವಿನ ತ್ರಿಜ್ಯ 371 ಮಿ.ಮೀ. ನೇರ ಹಳಿಯಲ್ಲಿ ಗಂಭೀರವಾಗಿ ಸಾಗುತ್ತಿದ್ದ ಇಂಜಿನ್ ತಿರುವಿಗೆ ಬಂದೊಡನೆ ಮುಂದಿನ ಪುಟ್ಟ ಗಾಲಿಗಳು ಹಳಿ ಬಿಟ್ಟು ಹೊರಬೀಳುತ್ತಿದ್ದವು. ವಾರಗಟ್ಟಲೆ ಗಾಲಿ ಬಿಚ್ಚಿ ನೋಡಿದೆ, ಭಾರ ಹೆಚ್ಚಿಸಿದೆ. ಕೊನೆಗೆ ಪೆಟ್ಟಿಗೆಯೊಳಗಿನ ಚೀಟಿ ಓದಿದಾಗ, ತಿರುವಿನ ತ್ರಿಜ್ಯ ಕನಿಷ್ಠ 438 ಇರಬೇಕೆಂದು ಬರೆದಿತ್ತು. ತಪ್ಪು ಇಂಜಿನ್ನಿನದಲ್ಲ.

438 ಎಂದರೆ ವ್ಯಾಸ 876. ಹಳಿಯ ಅಗಲವನ್ನೂ ಅಂಚಿನಲ್ಲಿ ಬಿಡಬೇಕಾದ ಜಾಗವನ್ನೂ ಸೇರಿಸಿದರೆ ಮೇಜಿನ ಅಗಲ ಒಂದು ಮೀಟರ್ ಮುಟ್ಟುತ್ತದೆ. ಅಂಥ ಮೇಜನ್ನು ಗೋಡೆಗೆ ಆನಿಸಿದರೆ ಆಚೆ ಬದಿಯಲ್ಲಿ ಉರುಳಿದ ಬೋಗಿಗೆ ಕೈ ಎಟಕುವುದಿಲ್ಲ. ನನ್ನ ತೋಳು ಸಲೀಸಾಗಿ ಚಾಚುವುದು 65 ಸೆಂ.ಮೀ. ಮಾತ್ರ. ಸುತ್ತಲೂ ಓಡಾಡಲು ಜಾಗವಿಲ್ಲದ ಕೋಣೆಯಾದರೆ ಇನ್ನೂ ಚಿಕ್ಕ ಅಳತೆಯಾದ ಎನ್ ಗೇಜ್ ಒಳ್ಳೆಯದು. ಎಚ್‌ಓ, ಓಓ ಎಂಬ ಎರಡು ದೊಡ್ಡ ಅಳತೆಗಳಲ್ಲೂ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದ್ದರೆ ಎನ್‌ನಲ್ಲಿ 9 ಮಿ.ಮೀ. 249ರ ತ್ರಿಜ್ಯದಲ್ಲೂ ಅದರ ಸಣ್ಣ ಇಂಜಿನ್‌ಗಳು ಹಾಯಾಗಿ ತಿರುಗುತ್ತವೆ. ಏನನ್ನೂ ಕೊಳ್ಳುವ ಮೊದಲು ಹಳೆಯ ಪತ್ರಿಕೆಗಳನ್ನು ನೆಲಕ್ಕೆ ಹಾಸಿ, ದಾರಕ್ಕೆ ಪೆನ್ಸಿಲ್ ಕಟ್ಟಿ ಆ ವೃತ್ತವನ್ನು ಎಳೆದು ನೋಡಿ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ಈ ಕೆಲಸವನ್ನು ಮೊದಲೇ ಮಾಡಬೇಕಿತ್ತು ಎಂಬ ಕೊರಗು ನನಗೆ ಈಗಲೂ ಇದೆ.

ಹಳಿಯ ಬಗೆಯ ವಿಷಯ. ದಿನವೂ ಬಿಚ್ಚಿ ಎತ್ತಿಡುವುದಾದರೆ, ಜಲ್ಲಿಕಲ್ಲಿನ ತಳವೂ ಕೂಡಿಯೇ ಬರುವ, ಕೇಟೋ ಕಂಪನಿಯ ಯೂನಿಟ್ರ್ಯಾಕ್‌ನಂಥ ತುಂಡು ಹಳಿಗಳು ಸರಿ. ಒಂದೇ ಕಡೆ ನೆಲೆಯಾಗಿ ಹಾಕುವವರಿಗೆ ಬಾಗುವ ಹಳಿಯೇ ಚೆಂದ. ಪೆಕೊ ಕಂಪನಿಯವರದು 914 ಮಿ.ಮೀ. ಉದ್ದ. ತಿರುವಿನ ನಡುವೆ ಎರಡು ಉದ್ದಗಳು ಕೂಡುವುದಾದರೆ, ನೇರವಾಗಿರುವಾಗಲೇ ಬೆಸುಗೆ ಹಾಕಿ ಆಮೇಲೆ ಬಾಗಿಸಿ. ಇಲ್ಲದಿದ್ದರೆ ಕೂಡಿದಲ್ಲಿ ಮೊಣಕೈಯಂತೆ ಮೂಲೆ ಏಳುತ್ತದೆ, ಬೋಗಿಗಳು ಅಲ್ಲೇ ಉರುಳುತ್ತವೆ.

ನನ್ನ ಮೊಮ್ಮಗಳಿಗೆ ರೈಲು ಹೋದ ಹಳಿಯಲ್ಲೇ ಸುತ್ತಿ ವಾಪಸ್ಸು ಬರಬೇಕೆಂಬ ಆಸೆ. ಎರಡು ಹಳಿಗಳಲ್ಲಿ ವಿದ್ಯುತ್ ಹರಿಯುವ ವ್ಯವಸ್ಥೆಯಲ್ಲಿ ಹಾಗೆ ಕುಣಿಕೆ ಹಾಕಿದರೆ ಎಡಹಳಿ ಬಲಹಳಿಯನ್ನು ಸೇರಿ ಶಾರ್ಟ್ ಆಗುತ್ತದೆ; ಆ ಭಾಗವನ್ನು ಬೇರ್ಪಡಿಸಿ ಧ್ರುವ ಬದಲಿಸುವ ಏರ್ಪಾಡು ಬೇಕು. ಮಧ್ಯದಲ್ಲಿ ಮೂರನೆಯ ಸಂಪರ್ಕವಿರುವ ಮಾರ್ಕ್ಲಿನ್ ಕಂಪನಿಯ ಎಚ್‌ಓ ಹಳಿಯಲ್ಲಿ ಈ ತೊಡಕಿಲ್ಲ.

ಈಗ ನಮ್ಮ ಮನೆಯಲ್ಲಿರುವುದು ವೃತ್ತವೇ ಅಲ್ಲ, ಪುಸ್ತಕದ ಕಪಾಟಿನ ಮೇಲಿಟ್ಟ ಒಂದೂವರೆ ಮೀಟರ್ ಹಲಗೆ. ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ವಿನ್ಯಾಸ: ಎರಡು ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ). ಒಂದರಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ಹಿಡಿಯುತ್ತವೆ. ಇರುವ ಎಂಟು ವ್ಯಾಗನ್‌ಗಳಲ್ಲಿ ಚೀಟಿ ಎತ್ತಿದ ಐದನ್ನು, ಚೀಟಿ ಬಂದ ಕ್ರಮದಲ್ಲೇ ಜೋಡಿಸಬೇಕು. 8×7×6×5×4, ಅಂದರೆ 6,720 ಬಗೆಯ ರೈಲು! ಗುಂಡಗೆ ಸುತ್ತುವ ರೈಲನ್ನು ಮೊಮ್ಮಗಳು ಹತ್ತು ನಿಮಿಷ ನೋಡಿ ಎದ್ದುಹೋಗುತ್ತಿದ್ದಳು. ಇದರ ಮುಂದೆ ಮಧ್ಯಾಹ್ನವಿಡೀ ಕೂರುತ್ತಾಳೆ. ವ್ಯಾಗನ್ ಜೋಡಿಸಿ ಬಿಡಿಸುವ ಶಂಟಿಂಗ್ ಇಂಜಿನ್ ನಿಧಾನವಾಗಿ ಚಲಿಸುವುದರಿಂದ ಪಾಯಿಂಟಿನ ‘ಫ್ರಾಗ್’ (ಹಳಿಗಳು ಒಂದನ್ನೊಂದು ಹಾಯುವ ಜಾಗ) ಪ್ಲಾಸ್ಟಿಕ್ಕಿನದಾದರೆ ಅಲ್ಲೇ ಕರೆಂಟ್ ತಪ್ಪಿ ನಿಂತುಬಿಡುತ್ತದೆ. ಇಂಥ ಹಲಗೆಗೆ ವಿದ್ಯುತ್ ಹರಿಯುವ ಲೋಹದ ಫ್ರಾಗ್ ಇರುವ ಪಾಯಿಂಟನ್ನೇ ಆರಿಸಬೇಕು.

ಈ ಹವ್ಯಾಸದ ಬಗ್ಗೆ ಮತ್ತೆ ಬರೆಸಿದಾಗ, ಇಂಜಿನ್ನಿನ ಬಣ್ಣದ ಚಿತ್ರದ ಪಕ್ಕದಲ್ಲಿ ಅಳತೆ ಗುರುತಿಸಿದ ಹಳಿನಕ್ಷೆಯೊಂದನ್ನೂ ದಯವಿಟ್ಟು ಅಚ್ಚು ಹಾಕಿ.

ಇಂತಿ,
ನಿವೃತ್ತ ಗಣಿತ ಶಿಕ್ಷಕ, ನಿಮ್ಮ ಬಹುಕಾಲದ ಓದುಗ